ಪರಕಾಯ ಪ್ರವೇಶ: ಪಾತ್ರಕಲ್ಪನೆ ಹಾಗೂ ಮನಸ್ಸಿನ ಆರೋಗ್ಯ

ತಾನು ಬೇರೊಬ್ಬನಾಗಬೇಕೆಂಬ ಬಯಕೆ ಮನುಷ್ಯನಷ್ಟೇ ಹಳೆಯದು. ಕೋಲನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುದುರೆಯೇರಿದೆನೆಂದು ಓಡುವ ಮಗುವಿನಲ್ಲಿ ಈ ಬಯಕೆಯಿದೆ. ಚಹದ ಲೋಟವನ್ನು ಮುಂದಿಟ್ಟುಕೊಂಡು ‘ನಾನು ಆ ಕುರ್ಚಿಯಲ್ಲಿದ್ದಿದ್ದರೆ’ ಎಂದು ರಾಜ್ಯಭಾರ ನಡೆಸುವ ಗುಮಾಸ್ತನಲ್ಲಿಯೂ ಇದೆ. ನಾವು ಇದನ್ನು ಹಗಲುಗನಸೆಂದು ತಳ್ಳಿಹಾಕುತ್ತೇವೆ. ಮಕ್ಕಳಲ್ಲಿ ಕಂಡರೆ ಗದರಿಸುತ್ತೇವೆ. ಆದರೆ ಇದೇ ಬಯಕೆಗೆ ನಿಯಮವನ್ನೂ ಅವಧಿಯನ್ನೂ ಒದಗಿಸಿದರೆ ಅದು ಮನಸ್ಸಿಗೆ ವ್ಯಾಯಾಮವಾಗುತ್ತದೆ. ಹದ ತಪ್ಪಿದರೆ ರೋಗಕ್ಕೂ ಎಡೆಯಾಗುತ್ತದೆ. ಈ ಎರಡು ದಾರಿಗಳನ್ನು ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಲೇಖಕನು ವೈದ್ಯನಲ್ಲ, ವಾಣಿಜ್ಯ ಪದವೀಧರನಾದ ಬ್ಯಾಂಕ್ ಅಧಿಕಾರಿ. ವರ್ಗಾವಣೆಯ ದೆಸೆಯಿಂದ ಮೊದಲು ನಾಸಿಕದಲ್ಲಿಯೂ ಅನಂತರ ಛತ್ರಪತಿ ಸಂಭಾಜಿನಗರದಲ್ಲಿಯೂ (2023ರವರೆಗೆ ಅದರ ಹೆಸರು ಔರಂಗಾಬಾದ್) ಸಂಸಾರ ಹೂಡಿದವನು. ಆ ಎರಡು ಊರುಗಳ ನೆಲದಲ್ಲಿ ಈ ವಿಷಯಕ್ಕೆ ಸಿಕ್ಕುವ ಸಾಕ್ಷ್ಯ ಬೇರೆಡೆ ಸಿಕ್ಕುವುದು ಅಪರೂಪವೆಂದು ತೋರಿದ್ದರಿಂದ ಇದನ್ನು ಬರೆಯಲು ಧೈರ್ಯ ಬಂದಿತು.

ಆಟದ ಸ್ವರೂಪ

ಇಂದಿನ ತರುಣರಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’ ಎಂಬ ಆಟ ಬಳಕೆಯಲ್ಲಿದೆ. ಕನ್ನಡದಲ್ಲಿ ಇದನ್ನು ಪಾತ್ರಧಾರಣೆಯ ಆಟ ಎನ್ನಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದಂದಿನಿಂದ ಇದು ಜಗತ್ತಿನಲ್ಲೆಲ್ಲ ಹಬ್ಬಿತು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಕಥೆಯ ಸೂತ್ರಧಾರ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ತಳೆಯುತ್ತಾರೆ: ಒಬ್ಬನು ಯೋಧ, ಮತ್ತೊಬ್ಬನು ಮಂತ್ರವಾದಿ, ಮಗದೊಬ್ಬನು ಪುರೋಹಿತ. ವೇಷಭೂಷಣವಿಲ್ಲ, ರಂಗಮಂಚವಿಲ್ಲ. ಎಲ್ಲವೂ ಮಾತಿನಲ್ಲಿ ಮತ್ತು ಕಲ್ಪನೆಯಲ್ಲಿ ನಡೆಯುತ್ತದೆ. ಸಂದಿಗ್ಧ ಒದಗಿದಾಗ ದಾಳ ಉರುಳಿಸಿ ಫಲವನ್ನು ನಿರ್ಣಯಿಸುತ್ತಾರೆ.

ಪ್ರತಿಯೊಬ್ಬ ಆಟಗಾರನ ಮುಂದೆ ಅವನ ಪಾತ್ರದ ಒಂದು ಹಾಳೆಯಿರುತ್ತದೆ. ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕಗಳನ್ನು ಬರೆದಿರುತ್ತಾರೆ. ಹಳೆಯ ಪದ್ಧತಿಯಲ್ಲಿ ಒಂದೊಂದು ಗುಣಕ್ಕೂ ಮೂರು ದಾಳಗಳನ್ನು ಉರುಳಿಸುತ್ತಿದ್ದರು. ಲೆಕ್ಕ ಬಲ್ಲವರಿಗೆ ಇದರ ಸ್ವಾರಸ್ಯ ತಿಳಿಯುತ್ತದೆ. ಮೂರು ದಾಳಗಳು 216 ಬಗೆಯಾಗಿ ಬೀಳಬಲ್ಲವು. ಪೂರ್ಣಾಂಕವಾದ 18 ಬೀಳುವುದು ಅವುಗಳಲ್ಲಿ ಒಂದೇ ಬಗೆಯಲ್ಲಿ. ಹತ್ತೋ ಹನ್ನೊಂದೋ ಬೀಳುವುದು 54 ಬಗೆಗಳಲ್ಲಿ, ಅಂದರೆ ನಾಲ್ಕರಲ್ಲೊಂದು ಪಾಲು. ಹೀಗಾಗಿ ಆರೂ ಗುಣಗಳಲ್ಲಿ ಸಂಪನ್ನನಾದ ವೀರನು ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಬಲವುಳ್ಳವನಿಗೆ ಬುದ್ಧಿ ಸಾಲದು, ಬುದ್ಧಿಯುಳ್ಳವನಿಗೆ ದೇಹ ಸಾಲದು. ಆದ್ದರಿಂದಲೇ ಅವರು ಒಬ್ಬರನ್ನೊಬ್ಬರು ನೆಚ್ಚಬೇಕಾಗುತ್ತದೆ. ತನ್ನ ಕೊರತೆಯನ್ನು ಕಾಗದದ ಮೇಲೆ ಬರೆದು, ಅದರೊಡನೆಯೇ ಮುಂದುವರಿಯಲು ಕಲಿಸುವ ಈ ಹಾಳೆಯು ಒಂದು ಪ್ರಾಮಾಣಿಕ ಆಸ್ತಿ-ಹೊಣೆ ಪಟ್ಟಿಯಂತಿದೆ.

ಕನ್ನಡಿಗರಿಗೆ ಹೊಸತಲ್ಲ

ಈ ಆಟದ ವರ್ಣನೆಯನ್ನು ಕೇಳಿದ ಕರಾವಳಿಯ ಹಿರಿಯರು ‘ಇದು ನಮ್ಮ ತಾಳಮದ್ದಲೆಯಲ್ಲವೇ?’ ಎಂದರೆ ಆಶ್ಚರ್ಯವಿಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಕಾಸರಗೋಡಿನಲ್ಲಿಯೂ ಬಹುಕಾಲದಿಂದ ನಡೆದುಬಂದಿರುವ ಈ ಕಲೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆಗಳು ನುಡಿಯುತ್ತವೆ. ಅಂಗಿ ಪಂಚೆಗಳಲ್ಲಿ ಕುಳಿತ ಅರ್ಥಧಾರಿಗಳು ರಾಮ, ವಾಲಿ, ಕೃಷ್ಣ, ಕೌರವರಾಗಿ ಆ ಕ್ಷಣದಲ್ಲಿ ಹೊಳೆದ ಮಾತುಗಳಲ್ಲಿ ವಾದಿಸುತ್ತಾರೆ. ಪ್ರಸಂಗದ ಪದ್ಯಗಳು ಗೊತ್ತಾದವು. ಮಾತು ಮಾತ್ರ ಗೊತ್ತಾದುದಲ್ಲ. ಭಾಗವತರೇ ಇಲ್ಲಿಯ ಸೂತ್ರಧಾರರು. ಅಮೆರಿಕದ ಆಟಕ್ಕೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ, ಅಲ್ಲಿ ಮುಕ್ತಾಯವನ್ನು ದಾಳ ನಿರ್ಣಯಿಸುತ್ತದೆ. ಇಲ್ಲಿ ವಾಲಿಯು ಸಾಯಲೇಬೇಕು. ಸೋಲು ನಿಶ್ಚಿತವೆಂದು ತಿಳಿದೂ ತನ್ನ ಪಕ್ಷವನ್ನು ಘನತೆಯಿಂದ ಮಂಡಿಸುವುದು ಸಾಮಾನ್ಯ ಶಿಕ್ಷಣವಲ್ಲ. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪ್ರತಿನಾಯಕರ ಅರ್ಥಗಾರಿಕೆಗೆ ಹೆಸರಾಗಿದ್ದರು. ಇಂದು ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥ ಹೇಳಬೇಕಾಗುತ್ತದೆ. ಎದುರಾಳಿಯ ನ್ಯಾಯವನ್ನು ಅವನ ಬಾಯಿಂದಲೇ ಆಡಿದ ಮನುಷ್ಯನಿಗೆ ದ್ವೇಷವನ್ನು ದೀರ್ಘಕಾಲ ಪೋಷಿಸುವುದು ಕಷ್ಟ.

ಇನ್ನೂ ಹಿಂದಕ್ಕೆ ಹೋದರೆ, ಕ್ರಿ.ಶ. 941ರ ಸುಮಾರಿಗೆ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದನು. ರನ್ನನು ಸತ್ಯಾಶ್ರಯನನ್ನು ಭೀಮನಾಗಿಸಿದನು. ರಾಜನು ಸಭೆಯಲ್ಲಿ ಕುಳಿತು ತನ್ನನ್ನೇ ಅರ್ಜುನನೆಂದು ಕೇಳುವಾಗ ಅದರಲ್ಲಿ ಹೊಗಳಿಕೆಯಷ್ಟೇ ಹೊಣೆಯೂ ಇದೆ. ಅರ್ಜುನನೆನಿಸಿಕೊಂಡವನು ಅರ್ಜುನನಂತೆ ನಡೆಯಬೇಕು. ಶಿವಶರಣರ ‘ಶರಣಸತಿ ಲಿಂಗಪತಿ’ ಭಾವದಲ್ಲಿಯೂ ತಾನು ಇನ್ನೊಂದು ಜೀವವಾಗಿ ನಿಂತು ನೋಡುವ ಸಾಧನೆಯೇ ಇದೆ.

ಗೋದಾವರಿ ತೀರದ ಸಾಕ್ಷ್ಯ

‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯವರೆಗೆ ಹೇಳುತ್ತದೆ. ನಾಸಿಕ ಮತ್ತು ಪೈಠಣಗಳು ಆ ನದಿಯ ದಡದಲ್ಲಿಯೇ ಇವೆ. ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೇ ಇದೆ. ವೇರೂಳಿನ, ಅಂದರೆ ಎಲ್ಲೋರದ, ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅದೇ ಗುಹಾಸಮೂಹದ 21ನೆಯ ಗುಹೆಯಲ್ಲಿ ಶಿವ ಪಾರ್ವತಿಯರು ಪಗಡೆಯಾಡುವ ಶಿಲ್ಪವಿದೆ. ದೇವರೇ ಆಟಕ್ಕೆ ಕುಳಿತ ಮೇಲೆ ಆಟವನ್ನು ಕೀಳೆಂದು ಭಾವಿಸುವುದು ಹೇಗೆ?

ಪೈಠಣದ ಸಮೀಪದ ಆಪೇಗಾವ್ ಜ್ಞಾನೇಶ್ವರರ ಊರು. ಅವರ ಅಣ್ಣನೂ ಗುರುವೂ ಆದ ನಿವೃತ್ತಿನಾಥರ ಸಮಾಧಿ ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿದೆ. ಮೋಕ್ಷಪಟವೆಂಬ ಆಟವನ್ನು ಜ್ಞಾನೇಶ್ವರರೇ ರಚಿಸಿದರೆಂದು ಮಹಾರಾಷ್ಟ್ರದಲ್ಲಿ ಪ್ರತೀತಿಯಿದೆ. ನಮ್ಮ ಮನೆಗಳ ಹಾವು ಏಣಿ ಆಟದ ಮೂಲರೂಪವದು. ದುರ್ಗುಣಗಳು ಹಾವುಗಳು, ಸದ್ಗುಣಗಳು ಏಣಿಗಳು. ಪಟದ ಮೇಲೆ ಸರಿಯುವ ಕಾಯಿಯೇ ಆಟಗಾರನ ಜೀವ.

ಪೈಠಣದ ಇನ್ನೊಬ್ಬ ಸಂತರಾದ ಏಕನಾಥರು (1533–1599) ಈ ವಿದ್ಯೆಯ ಮಹಾಗುರುಗಳು. ‘ಭಾರೂಡ’ವೆಂಬ ಅವರ ಪದಗಳಲ್ಲಿ ಮಾತನಾಡುವವನು ಸಂತನಲ್ಲ. ಒಂದರಲ್ಲಿ ಆತನು ಜೋಯಿಸ, ಇನ್ನೊಂದರಲ್ಲಿ ಕುರುಡ, ಮತ್ತೊಂದರಲ್ಲಿ ಅತ್ತೆಮನೆಯಲ್ಲಿ ಬೇಸತ್ತ ಸೊಸೆ. ಪ್ರಸಿದ್ಧವಾದ ಒಂದರಲ್ಲಿ ಚೇಳು ಕುಟುಕಿ ಒದ್ದಾಡುವವನ ಗೋಳಿದೆ; ಆ ಚೇಳು ಕಾಮಕ್ರೋಧಗಳೆಂದೂ ಅದಕ್ಕೆ ಸತ್ವಗುಣವೇ ಮದ್ದೆಂದೂ ಕೇಳುಗರಿಗೆ ಆಮೇಲೆ ತಿಳಿಯುತ್ತದೆ. ಪಂಡಿತ ಕುಲದಲ್ಲಿ ಹುಟ್ಟಿದವರು ಊರಿನವರು ಕಡೆಗಣಿಸಿದ ಜನರ ದನಿಯನ್ನು ತಮ್ಮ ಗಂಟಲಿನಲ್ಲಿ ಇರಿಸಿಕೊಂಡರೆಂಬುದನ್ನು ನಾವು ಗಮನಿಸಬೇಕು. ಪಾತ್ರಕಲ್ಪನೆಯು ಕರುಣೆಯಾಗಿ ಹಣ್ಣಾಗುವುದು ಹೀಗೆ.

ನಾಸಿಕದ ಕಡೆಗೆ ಬಂದರೆ, ಜಿಲ್ಲೆಯ ಪಶ್ಚಿಮದ ಗುಡ್ಡಗಾಡಿನ ಆದಿವಾಸಿಗಳು ಮುಖವಾಡ ಧರಿಸಿ ದೇವದಾನವರಾಗಿ ಕುಣಿಯುವ ‘ಬೋಹಾಡಾ’ ಉತ್ಸವವಿದೆ. ಭಾರತೀಯ ಚಲಚ್ಚಿತ್ರದ ಆದ್ಯರಾದ ದಾದಾಸಾಹೇಬ್ ಫಾಲ್ಕೆಯವರು ಹುಟ್ಟಿದ್ದು 1870ರಲ್ಲಿ ತ್ರ್ಯಂಬಕದಲ್ಲಿ. ಅವರ 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವರು, ಉಪಾಹಾರ ಗೃಹವೊಂದರಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಗಂಡಸು. 1917ರ ‘ಲಂಕಾ ದಹನ’ದಲ್ಲಿ ಅವರೇ ರಾಮನೂ ಹೌದು, ಸೀತೆಯೂ ಹೌದು. ಮುಂಬಯಿಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಗಲಿನಲ್ಲಿ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಯಕ್ಷಗಾನ ಮಂಡಳಿಗಳನ್ನು ಕಟ್ಟಿದ ನಮ್ಮ ಹಿರಿಯರು ಅದೇ ಬಗೆಯಲ್ಲಿ ಬಾಳಿದವರು. ಹಗಲೆಲ್ಲ ಇತರರ ಕರೆಗೆ ಓಗೊಟ್ಟವನು ರಾತ್ರಿ ಅರ್ಜುನನಾಗಿ ಎದೆಯುಬ್ಬಿಸಿ ನಿಂತನೆಂದರೆ, ಮರುದಿನದ ದುಡಿಮೆಗೆ ಅದರಿಂದ ಬಲ ಬಾರದೆ ಇದ್ದೀತೆ?

ಮನಃಶಾಸ್ತ್ರದ ಅಭಿಪ್ರಾಯ

ಇದನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಜೇಕಬ್ ಮೊರೆನೊ (1889–1974) ಮುಖ್ಯರು. ವಿಯೆನ್ನಾ ನಗರದಲ್ಲಿ ಆಶುನಾಟಕಗಳನ್ನು ಆಡಿಸುತ್ತಿದ್ದ ಈ ವೈದ್ಯರು ಮುಂದೆ ಅಮೆರಿಕದಲ್ಲಿ ‘ಸೈಕೋಡ್ರಾಮ’ ಎಂಬ ಚಿಕಿತ್ಸಾ ಪದ್ಧತಿಯನ್ನು ರೂಪಿಸಿದರು. ತಂದೆಯೊಡನೆ ಮುನಿದ ಮಗನು ತಂದೆಯ ಕುರ್ಚಿಯಲ್ಲಿ ಕುಳಿತು ತಂದೆಯಾಗಿಯೇ ಉತ್ತರಿಸುವ ‘ಪಾತ್ರ ವಿನಿಮಯ’ವು ಅದರ ಮುಖ್ಯ ಅಂಗ.

ಮಕ್ಕಳ ವಿಷಯದಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಾರ್ಹವಾಗಿದೆ. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ತರಿಸುವ ಕೆಲಸವೊಂದನ್ನು ಒಪ್ಪಿಸಿ, ಬೇಡವೆನಿಸಿದಾಗ ಪಕ್ಕದಲ್ಲಿದ್ದ ಯಂತ್ರದಲ್ಲಿ ಆಟವಾಡಲು ಬಿಟ್ಟಿದ್ದರು. ತಾನು ಬ್ಯಾಟ್‌ಮ್ಯಾನ್‌ನಂಥ ಶ್ರಮಶೀಲ ವೀರನೆಂದು ಭಾವಿಸಿಕೊಂಡ ಮಕ್ಕಳು, ಕೇವಲ ‘ನಾನು’ ಎಂದುಕೊಂಡ ಮಕ್ಕಳಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ತನ್ನಿಂದ ತಾನೇ ಒಂದು ಹೆಜ್ಜೆ ದೂರ ನಿಂತಾಗ ಪ್ರಲೋಭನೆಯ ಹಿಡಿತ ಸಡಿಲಗೊಳ್ಳುತ್ತದೆಂಬುದು ಇದರ ತಾತ್ಪರ್ಯ.

ಹಣದ ವಿಷಯದಲ್ಲಿಯೂ ಎರಡು ಪ್ರಯೋಗಗಳಿವೆ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಅವರು ಗಣಕಯಂತ್ರದ ಕಲ್ಪಿತ ಲೋಕದಲ್ಲಿ ಕೆಲವರಿಗೆ ಎತ್ತರದ ದೇಹವನ್ನೂ ಕೆಲವರಿಗೆ ಗಿಡ್ಡ ದೇಹವನ್ನೂ ಕೊಟ್ಟು, ಹಣ ಹಂಚಿಕೊಳ್ಳುವ ಚೌಕಾಸಿಗೆ ಕೂರಿಸಿದರು. ಎತ್ತರದವರು ತಮಗೇ ಹೆಚ್ಚು ಪಾಲು ಬರುವಂತೆ ಪಟ್ಟು ಹಿಡಿದರು. ಗಿಡ್ಡರು ಅನ್ಯಾಯದ ಪಾಲಿಗೂ ತಲೆಬಾಗಿದರು. ತೊಟ್ಟ ರೂಪ ಮನಸ್ಸಿಗೆ ಇಳಿಯುತ್ತದೆಂಬುದಕ್ಕೆ ಇದು ಸಾಕ್ಷಿ. 2011ರ ಇನ್ನೊಂದು ಸಂಶೋಧನೆಯಲ್ಲಿ, ತಮ್ಮದೇ ಮುಖವನ್ನು ಮುಪ್ಪಿನ ರೂಪದಲ್ಲಿ ಕಂಡ ಜನರು ನಿವೃತ್ತಿಯ ಉಳಿತಾಯಕ್ಕೆ ಹೆಚ್ಚು ಹಣವನ್ನು ತೆಗೆದಿರಿಸಲು ಮನಸ್ಸು ಮಾಡಿದರು. ಮುಂಗಟ್ಟೆಯ ಈಚೆ ಕುಳಿತು ಎಷ್ಟು ಬೋಧಿಸಿದರೂ ಆಗದ ಕೆಲಸವನ್ನು ಕಲ್ಪನೆಯ ಒಂದು ಚಿತ್ರ ಮಾಡಿತು!

ನಾಸಿಕದಲ್ಲಿದ್ದಾಗ ಪರಿಚಿತರೊಬ್ಬರ ಮಗನನ್ನು ನಾನು ಬಲ್ಲೆ. ಒಂಬತ್ತನೆಯ ತರಗತಿಯ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮೂರರಲ್ಲಿಯೂ ಮಾತು ತೊದಲುತ್ತಿತ್ತು. ಭಾನುವಾರ ಗೆಳೆಯರೊಡನೆ ಈ ಆಟಕ್ಕೆ ಕುಳಿತು ಮುದಿ ಮಂತ್ರವಾದಿಯಾದನೆಂದರೆ ಅವನ ಮಾತು ಸಲೀಸಾಗಿ ಹರಿಯುತ್ತಿತ್ತು. ಪಾತ್ರವಾಡುವಾಗ ಅಥವಾ ಹಾಡುವಾಗ ತೊದಲು ಬಹುಮಟ್ಟಿಗೆ ತಗ್ಗುವುದು ವಾಕ್ ಚಿಕಿತ್ಸಕರಿಗೆ ತಿಳಿದ ಸಂಗತಿಯೇ. ಇದರಿಂದ ತೊದಲು ವಾಸಿಯಾಗುತ್ತದೆಂದು ತಿಳಿಯಬಾರದು; ಚಿಕಿತ್ಸೆ ಬೇರೆಯಾಗಿ ಬೇಕು. ಆದರೆ ‘ಈ ಗಂಟಲಿನಿಂದ ನಿರರ್ಗಳವಾದ ಮಾತು ಹೊರಡಬಲ್ಲುದು’ ಎಂಬ ಅನುಭವವೇ ಆ ಹುಡುಗನಿಗೆ ದೊಡ್ಡ ಠೇವಣಿ. ಅವನ ತಂದೆ ‘ಅಂಕ ಬಾರದ ಆಟ’ವೆಂದು ಅದನ್ನು ನಿಲ್ಲಿಸಿದರು, ವಾರದಲ್ಲಿ ಅವನು ಬಾಯ್ತುಂಬ ಮಾತನಾಡುತ್ತಿದ್ದ ಎರಡೇ ಗಂಟೆಗಳು ಹಾಗೆ ಇಲ್ಲವಾದವು. ಇಂಥ ತೀರ್ಮಾನಕ್ಕೆ ಮೊದಲು ಪಾಲಕರು ಒಮ್ಮೆ ಪಕ್ಕದಲ್ಲಿ ಕುಳಿತು ಆಟವನ್ನು ನೋಡುವುದು ಒಳ್ಳೆಯದು.

ವೇಷ ಕಳಚದಿದ್ದರೆ

ಇನ್ನು ಅಪಾಯಗಳ ಮಾತು. ಪಂಚವಟಿಯಲ್ಲಿಯೇ ಎರಡು ವೇಷಗಳ ಕಥೆಯಿದೆ: ಮಾರೀಚನು ಹೊನ್ನಜಿಂಕೆಯಾದನು, ರಾವಣನು ಸಂನ್ಯಾಸಿಯಾದನು. ಎದುರಿನವನಿಗೆ ತಿಳಿಸಿ ತೊಟ್ಟದ್ದು ಪಾತ್ರ. ತಿಳಿಯದಂತೆ ತೊಟ್ಟದ್ದು ವಂಚನೆ. ದೂರವಾಣಿಯಲ್ಲಿ ಪೋಲೀಸ್ ಅಧಿಕಾರಿಯೆಂದು ನಟಿಸಿ, ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ, ವೃದ್ಧರ ಠೇವಣಿಯನ್ನು ದೋಚುವವರು ಇಂದಿನ ಕಪಟ ಸಂನ್ಯಾಸಿಗಳು. ಅಂಥ ಕರೆ ಬಂದರೆ ಮಾತು ಬೆಳೆಸದೆ ತಟ್ಟನೆ ಮುಗಿಸಬೇಕು, ಲಕ್ಷ್ಮಣರೇಖೆಯನ್ನು ದಾಟಬಾರದು.

ಎರಡನೆಯ ಅಪಾಯ, ಪಾತ್ರವು ಮೈಗೆ ಅಂಟಿಕೊಳ್ಳುವುದು. ನಾಸಿಕದ ಕುಸುಮಾಗ್ರಜರು, ಅಂದರೆ ವಿ. ವಾ. ಶಿರವಾಡಕರರು, 1970ರಲ್ಲಿ ರಂಗಕ್ಕೆ ಬಂದ ತಮ್ಮ ‘ನಟಸಾಮ್ರಾಟ್’ ನಾಟಕದಲ್ಲಿ ಗಣಪತರಾವ್ ಬೇಲವಲಕರ್ ಎಂಬ ನಟನನ್ನು ಚಿತ್ರಿಸಿದ್ದಾರೆ. ರಂಗದಿಂದ ನಿವೃತ್ತನಾದ ಅವನು ಗಳಿಸಿದ್ದನ್ನೆಲ್ಲ ಮಕ್ಕಳಿಗೆ ಹಂಚಿ ನೆಲೆಗೆಡುತ್ತಾನೆ; ರಂಗದ ಸಾಮ್ರಾಟನು ಮನೆಯಲ್ಲಿ ಪ್ರಜೆಯಾಗಿ ಬಾಳಲಾರದೆ ಹೋಗುತ್ತಾನೆ. ನಮ್ಮ ವೃತ್ತಿಯಲ್ಲಿಯೂ ಇಂಥವರು ಇಲ್ಲದಿಲ್ಲ. ಹುದ್ದೆಯೂ ಒಂದು ವೇಷವೇ. ನಿವೃತ್ತರಾಗಿ ವರ್ಷಗಳುರುಳಿದರೂ ಮನೆಯವರನ್ನು ಕೈಕೆಳಗಿನವರಂತೆ ಕಾಣುತ್ತ, ಯಾರೂ ಎದ್ದು ನಿಲ್ಲುತ್ತಿಲ್ಲವೆಂದು ಕೊರಗುತ್ತ, ರಕ್ತದೊತ್ತಡವನ್ನು ಏರಿಸಿಕೊಳ್ಳುವ ಮ್ಯಾನೇಜರರು ಹಲವರು. ಬೇಲವಲಕರನ ಇನ್ನೊಂದು ಪಾಠವನ್ನು ಬ್ಯಾಂಕಿನವನಾಗಿ ನೆನಪಿಸುತ್ತೇನೆ: ನಾಮನಿರ್ದೇಶನ ಮಾಡಿ, ಉಯಿಲು ಬರೆಯಿರಿ, ಜೀವಂತವಿರುವಾಗಲೇ ಸರ್ವಸ್ವವನ್ನೂ ಬರೆದುಕೊಡಬೇಡಿ.

ಮೂರನೆಯದು ವಿದ್ಯುನ್ಮಾನ ಆಟಗಳ ಚಟ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಒಂದು ರೋಗವೆಂದು ಗುರುತಿಸಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ರೆ, ಓದುಗಳಿಗಿಂತ ಅದೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗಿದ್ದರೆ ಮಾತ್ರ ರೋಗವೆನ್ನುತ್ತಾರೆ. ಇದರ ಚಿಕಿತ್ಸೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ‘ಶಟ್ ಕ್ಲಿನಿಕ್’ ತೆರೆಯಿತು.

ಆದರೆ ಎಲ್ಲ ತಪ್ಪನ್ನೂ ಆಟದ ಮೇಲೆ ಹೊರಿಸುವುದೂ ಅಪಾಯವೇ. 1979ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ವಿದ್ಯಾರ್ಥಿಯೊಬ್ಬನು ಕಾಣೆಯಾದಾಗ, ಪಾತ್ರಧಾರಣೆಯ ಆಟವೇ ಕಾರಣವೆಂದು ಪತ್ರಿಕೆಗಳು ಬರೆದವು. ಆಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆ ಹುಡುಗನು ಖಿನ್ನತೆಯಿಂದ ಬಳಲುತ್ತಿದ್ದನೆಂದು ತಡವಾಗಿ ಗೊತ್ತಾಯಿತು. ಆಟವನ್ನು ದೂರುವ ಭರದಲ್ಲಿ ಆಟಗಾರನ ಅಳಲು ಕೇಳಿಸದೆ ಹೋಗಬಾರದು. ಮನೆಯಲ್ಲಿ ಯಾರಾದರೂ ಮಂಕಾಗಿ, ಊಟ ನಿದ್ರೆ ಬಿಟ್ಟು, ಬದುಕಿನಲ್ಲಿ ಆಸೆಗೆಟ್ಟವರಂತೆ ಮಾತನಾಡಿದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು. ಪರಸ್ಥಳದಲ್ಲಿ, ಅಳಲನ್ನು ಅನ್ಯಭಾಷೆಯಲ್ಲಿ ತೋಡಿಕೊಳ್ಳಲಾರದ ಗೃಹಿಣಿಯರಿಗೂ ವೃದ್ಧರಿಗೂ ಇದು ಬಹಳ ಉಪಯುಕ್ತ.

ಅಭ್ಯಾಸ ಕ್ರಮ

ಮನೆಯಲ್ಲಿಯೇ ಈ ವ್ಯಾಯಾಮವನ್ನು ಮಾಡುವ ಕ್ರಮ ಹೀಗಿದೆ.

1. ಪಾತ್ರದ ಹಾಳೆ: ಒಂದು ಕಾಗದದಲ್ಲಿ ನೀವು ಕಲ್ಪಿಸಿಕೊಂಡ ಪಾತ್ರದ ಹೆಸರು, ಊರು, ಕಸುಬುಗಳನ್ನು ಬರೆಯಿರಿ. ಎಡಕ್ಕೆ ಮೂರು ಶಕ್ತಿಗಳು, ಬಲಕ್ಕೆ ಮೂರು ಕೊರತೆಗಳು. ಕೊರತೆಗಳಲ್ಲಿ ಒಂದಾದರೂ ನಿಮ್ಮದೇ ಆಗಿರಲಿ.

2. ಸಂಕಟ: ನೀವು ಈಗ ಎದುರಿಸುತ್ತಿರುವ ತೊಡಕನ್ನೇ ರೂಪ ಬದಲಿಸಿ ಪಾತ್ರಕ್ಕೆ ಒಡ್ಡಿರಿ. ಹೊಸ ಊರಿನ ಕಚೇರಿಯು ಅಪರಿಚಿತ ದುರ್ಗವಾಗಲಿ; ಬಾರದ ಭಾಷೆಯು ಕಾವಲುಗಾರನು ಕೇಳುವ ಒಗಟಾಗಲಿ. ‘ನಾನೇನು ಮಾಡಲಿ?’ ಎಂದು ಕೇಳದೆ ‘ಅವನೇನು ಮಾಡಿಯಾನು?’ ಎಂದು ಕೇಳಿಕೊಳ್ಳಿರಿ.

3. ಸಂಗ: ಒಬ್ಬರೇ ಕೂರಬೇಡಿರಿ. ಮಕ್ಕಳು, ಅಜ್ಜ, ನೆರೆಯವರು ಸೇರಿ ನಾಲ್ಕೈದು ಮಂದಿಯಾಗಲಿ. ಒಮ್ಮೆಯಾದರೂ ಅತ್ತೆ ಸೊಸೆಯಾಗಿಯೂ ಸೊಸೆ ಅತ್ತೆಯಾಗಿಯೂ ಮಾತನಾಡಲಿ.

4. ಅವಧಿ: ಎರಡು ಗಂಟೆ ಸಾಕು. ಶಂಕರವಿಜಯದ ಕಥೆಯಲ್ಲಿ ಅಮರುಕ ರಾಜನ ದೇಹವನ್ನು ಹೊಕ್ಕ ಶಂಕರರು ಹೇಳಿದ ಅವಧಿ ಮೀರಿದಾಗ ಶಿಷ್ಯರು ಬಂದು ಹಾಡಿ ಎಚ್ಚರಿಸಬೇಕಾಯಿತು. ಮಹಾಜ್ಞಾನಿಗೂ ಬೇಕಾದ ಆ ಕಾವಲು ನಮಗೆ ಬೇಡವೇ? ಗಡಿಯಾರವನ್ನು ನೋಡುವ ಹೊಣೆಯನ್ನು ಆಟಕ್ಕೆ ಸೇರದ ಒಬ್ಬರಿಗೆ ವಹಿಸಿರಿ.

5. ಮಂಗಳ: ಯಕ್ಷಗಾನ, ತಾಳಮದ್ದಲೆಗಳು ಗಣಪತಿಯ ಸ್ತುತಿಯಿಂದ ಆರಂಭವಾಗಿ ಮಂಗಳದಿಂದ ಮುಗಿಯುತ್ತವೆ. ಪಾತ್ರಕ್ಕೆ ಬಾಗಿಲು ತೆರೆಯುವುದೂ ಮುಚ್ಚುವುದೂ ಇದರಿಂದಲೇ. ನೀವೂ ಕೊನೆಗೆ ಮುಖ ತೊಳೆದು, ನಿಮ್ಮ ನಿಜವಾದ ಹೆಸರನ್ನು ಹೇಳಿ, ಪಾತ್ರದಿಂದ ಪಡೆದ ಒಂದು ಗುಣವನ್ನು ಹಾಳೆಯ ಕೆಳಗೆ ಬರೆದಿಡಿರಿ. ವಾರದಲ್ಲಿ ಅದನ್ನು ಒಮ್ಮೆಯಾದರೂ ನಿಜಜೀವನದಲ್ಲಿ ಬಳಸಿರಿ.

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ‘ಊಟವಾಯಿತೇ, ಹೋಂವರ್ಕ್ ಆಯಿತೇ’ ಎಂಬುದಕ್ಕಿಂತ ಮುಂದಿನ ಮಾತು ಸಿಕ್ಕುವುದಿಲ್ಲ. ಕೋಪ, ಪ್ರತಿಜ್ಞೆ, ಕ್ಷಮೆ, ಸವಾಲು — ಇವುಗಳನ್ನು ಕನ್ನಡದಲ್ಲಿ ಆಡುವ ಸಂದರ್ಭವೇ ಅವರಿಗೆ ಒದಗದು. ತಿಂಗಳಿಗೊಂದು ಭಾನುವಾರ ಸಂಘದ ಸಭಾಗೃಹದಲ್ಲಿ ಚಾಪೆ ಹಾಸಿ, ಹಿರಿಯರೊಬ್ಬರನ್ನು ಭಾಗವತರ ಸ್ಥಾನದಲ್ಲಿ ಕೂರಿಸಿ, ಮಕ್ಕಳಿಗೆ ಪಾತ್ರಗಳನ್ನು ಹಂಚಿದರೆ ಸಾಕು. ವೆಚ್ಚವಿಲ್ಲ, ಬೇಕಾದುದು ಕಾಗದ, ಪೆನ್ಸಿಲು, ಒಂದು ಹಿಡಿ ಕವಡೆ. ಮುಂದಿನ ವರ್ಷದ ಸ್ಮರಣ ಸಂಚಿಕೆಗೆ ಆ ಮಕ್ಕಳೇ ತಮ್ಮ ಪಾತ್ರಗಳ ಕಥೆಯನ್ನು ಬರೆದುಕೊಡಲಿ.